ಅಳಿಸಿಹೋದವರನ್ನು ಬೆಳಗಾಗುವುದರೊಳಗೆ ಮರಳಿ ತರುವ ಅಕ್ಕ

ಹಿಂಬಾಗಿಲು ಸುಲಭಕ್ಕೆ ಬಗ್ಗುವಂಥದ್ದಲ್ಲ. ಬೀಗ ತೆಗೆದ ಮೇಲೂ ಭುಜ ಕೊಟ್ಟು ಒಮ್ಮೆ ನೂಕಬೇಕು, ಕಾಲಿನಿಂದ ಕೆಳಗೊಂದು ಒದೆ ಕೊಡಬೇಕು, ಆಮೇಲೆ ಅದು ಗೊಣಗುತ್ತ ದಾರಿ ಬಿಡುತ್ತದೆ. ಸೋಮವಾರ, ಬೆಳಕು ಇನ್ನೂ ಹರಿದಿಲ್ಲ. ಅಕ್ಕ ಚಪ್ಪಲಿ ಬಿಟ್ಟು, ಮುರಿದ ಎರಡು ಗಾಲಿಕುರ್ಚಿಗಳ ನಡುವೆ ಕತ್ತಲಲ್ಲೇ ದಾರಿ ಮಾಡಿಕೊಂಡು ಹೋಗಿ ಸ್ವಿಚ್ ಹಾಕುತ್ತಾರೆ. ಈ ಕೋಣೆ ಮೊದಲು ಆರೋಗ್ಯ ಕಚೇರಿಯ ಕೆಟ್ಟ ಸಾಮಾನು ತುಂಬುವ ಜಾಗವಾಗಿತ್ತು. ಅರ್ಧ ಈಗಲೂ ಹಾಗೇ ಇದೆ. ಉಳಿದರ್ಧದಲ್ಲಿ ಕಚೇರಿಯ ಸರ್ವರ್ ಇದೆ, ಅದಕ್ಕೊಂದು ಎಸಿ ಇದೆ, ಆ ಎಸಿಯ ಗಾಳಿ ನೇರವಾಗಿ ಬಂದು ಬಡಿಯುವ ಕಡೆ ಅಕ್ಕನ ಮೇಜು ಇದೆ. ತಂಪು ಬೇಕಾದದ್ದು ಯಂತ್ರಕ್ಕೆ, ಸ್ವೆಟರ್ ಬೇಕಾದದ್ದು ಇವರಿಗೆ.

ಗೋಡೆಯಾಚೆ ಆಗಲೇ ಜನ ಸೇರಿದ್ದಾರೆ. ಕೆಮ್ಮು, ಪ್ಲಾಸ್ಟಿಕ್ ಚೀಲದ ಸರಸರ, ಯಾರೋ ಯಾರಿಗೋ ಸರದಿ ಬಿಟ್ಟುಕೊಡದೆ ರೇಗುವ ಸದ್ದು ಕೇಳಿಸುತ್ತದೆ. ಅದು ಔಷಧದ ಕಿಟಕಿಯ ಮುಂದಿನ ಸಾಲು.

"ಏಳಕ್ಕೆ ಕಿಟಕಿ ತೆಗೀತಾರೆ," ಎನ್ನುತ್ತಾರೆ ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಅಷ್ಟರೊಳಗೆ ಎಲ್ಲರನ್ನೂ ಅವರವರ ಜಾಗದಲ್ಲಿ ವಾಪಸ್ ಕೂರಿಸಬೇಕು. ಇಲ್ಲಾಂದ್ರೆ ಪಾಪ, ಅಷ್ಟು ಹೊತ್ತು ನಿಂತು, 'ನಿಮ್ಮ ಔಷಧ ಕಂಪ್ಯೂಟರಲ್ಲಿ ಇಲ್ಲ' ಅಂತ ಕೇಳಿಸ್ಕೊಂಡು ಹೋಗ್ಬೇಕು."

ಪರದೆಯ ಎಡಭಾಗದಲ್ಲಿ ಶುಕ್ರವಾರ ರಾತ್ರಿ ಯಂತ್ರ ತೆಗೆದಿಟ್ಟ ಪ್ರತಿ, ಬಲಭಾಗದಲ್ಲಿ ಶನಿವಾರ ಸಂಜೆಯದ್ದು. ಎಡಗಡೆ ಒಬ್ಬ ಅಜ್ಜಿಯ ಹೆಸರಿನ ಕೆಳಗೆ ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ಕಣ್ಣಿನ ಹನಿ. ಬಲಗಡೆ ಅದೇ ಅಜ್ಜಿ, ಅದೇ ವಯಸ್ಸು, ಕೆಳಗೆ ಖಾಲಿ. "ಶನಿವಾರ ಮಗ ಬಂದು ಮನೆ ವಿಳಾಸ ಬದಲಾಯಿಸಿದ್ದಾನೆ. ಅಷ್ಟೇ ನೋಡಿ. ಅಜ್ಜಿ ಔಷಧ ಪೂರ್ತಿ ಮಾಯ," ಎಂದು ಅಕ್ಕ ಎಡದಿಂದ ಎತ್ತಿ ಬಲಕ್ಕೆ ಹಾಕುತ್ತಾರೆ, ಎರಡು ಸಲ ಓದಿ ನೋಡುತ್ತಾರೆ, ಪಟ್ಟಿಯ ಮುಂದಿನ ಮನೆಗೆ ಹೋಗುತ್ತಾರೆ. ಕೌಂಟರುಗಳಲ್ಲಿ ದಿನಕ್ಕೆ ಇನ್ನೂರರಷ್ಟು ಫಾರ್ಮ್ ಸೇವ್ ಆದರೆ, ಅದರಲ್ಲಿ ಹತ್ತು ಹದಿನೈದು ಮನೆಗಳಿಗೆ ಹೀಗಾಗುತ್ತದೆ. ಎರಡು ವರ್ಷದಿಂದ ಆಗುತ್ತಿದೆ. ಎರಡು ವರ್ಷದಿಂದ ಈ ಹೆಂಗಸು ಲೋಕ ಏಳುವ ಮೊದಲು ಬಂದು ಸರಿ ಮಾಡುತ್ತಿದ್ದಾರೆ. ಈ ಹೊತ್ತಿನ ಕೆಲಸಕ್ಕೆ ಸಂಬಳವಿಲ್ಲ, ಹಾಜರಿಯಿಲ್ಲ, ಬಾಗಿಲು ತೆಗೆದುಕೊಡುವ ಜವಾನನೂ ಇಲ್ಲ.

ಇಂಥವರ ಬಗ್ಗೆ ಬರೆಯುವ ನಮಗೊಂದು ಚಾಳಿ ಇದೆ. ಸದ್ದಿಲ್ಲದ ಸೇವೆ ಎಂದು ಹೊಗಳುತ್ತೇವೆ, ಒಂದು ಒಳ್ಳೆಯ ಫೋಟೋ ಹಾಕುತ್ತೇವೆ, ಮುಂದಿನ ವಾರ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುತ್ತೇವೆ. ಈ ಸಲ ನನ್ನಿಂದ ಅದು ಆಗುವುದಿಲ್ಲ. ಈ ಅಕ್ಕ ಮಾಡುತ್ತಿರುವುದು ಯಾರೂ ಮಾಡಬೇಕಾಗಿಯೇ ಇರದ ಕೆಲಸ. ಎಲೆಮರೆಯ ಕಾಯಿ ಎಂದು ಬರೆಯಲು ಕೂತರೆ, ಆ ಎಲೆಯನ್ನು ಅಡ್ಡ ಹಿಡಿದು ನಿಂತವರ ಮುಖಗಳೇ ಮೊದಲು ಕಣ್ಣಿಗೆ ಬರುತ್ತವೆ, ಮೈ ಉರಿಯುತ್ತದೆ.

ಇಷ್ಟಕ್ಕೂ ಆಗುತ್ತಿರುವುದೇನು ಎಂದು ನನಗೆ ಅರ್ಥವಾದದ್ದು ಅಕ್ಕ ಮೇಜಿನ ಮೇಲಿದ್ದ ಊಟದ ಡಬ್ಬಿ ತೆಗೆದು ತೋರಿಸಿದಾಗ. ದೊಡ್ಡ ಡಬ್ಬಿ, ಅದರೊಳಗೆ ಸಣ್ಣ ಡಬ್ಬಿ, ಅದರೊಳಗೆ ಇನ್ನೂ ಸಣ್ಣದು. ಕೌಂಟರಿನ ಫಾರ್ಮ್ ಕೂಡ ಹೀಗೆಯೇ. ಹೊರಗಿನದು ಮನೆ: ಯಜಮಾನರ ಹೆಸರು, ವಿಳಾಸ, ಫೋನ್. ಅದರೊಳಗೆ ಮನೆಯ ಜನ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಪ್ರತಿಯೊಬ್ಬರ ಸಾಲಿನೊಳಗೆ ಮತ್ತೆ ಅವರ ಔಷಧಗಳ ಸಾಲು. ಫಾರ್ಮ್ ತೆರೆದರೆ ಮೊದಲು ಮನೆ ಕಾಣುತ್ತದೆ, ಬೆನ್ನಲ್ಲೇ ಜನ ಬರುತ್ತಾರೆ, ಕೊನೆಯಲ್ಲಿ, ಉಸಿರು ಎಳೆದುಕೊಂಡು, ಔಷಧ ಬರುತ್ತದೆ. ಸೇವ್ ಒತ್ತಿದರೆ ಅಷ್ಟೂ ಒಟ್ಟಿಗೆ ಸರ್ವರಿಗೆ ಹೋಗುತ್ತದೆ.

ಔಷಧ ಬರುವ ಮೊದಲೇ ಸೇವ್ ಒತ್ತಿದರೆ? ಈ ಫಾರ್ಮನ್ನು ಬರೆದ ಹೊರಗಿನ ಕಂಪನಿ ಅದಕ್ಕೊಂದು ನಿಯಮ ಇಟ್ಟಿದೆ. ಬಂದದ್ದಷ್ಟೇ ಇರುವುದು, ಬಾರದ್ದು ಇಲ್ಲ. ಔಷಧದ ಸಾಲು ಫಾರ್ಮಿನ ಜೊತೆ ಬರಲಿಲ್ಲವೇ, ಹಾಗಾದರೆ ಆ ಮನುಷ್ಯನಿಗೆ ಔಷಧವೇ ಬೇಡ ಎಂದು ಯಂತ್ರ ತೀರ್ಮಾನಿಸಿ ಹಳೆಯದನ್ನು ಒರೆಸಿಹಾಕುತ್ತದೆ. 'ಯಶಸ್ವಿಯಾಗಿ ಉಳಿಸಲಾಗಿದೆ' ಎಂದು ಹಸಿರು ಅಕ್ಷರದಲ್ಲಿ ಹೇಳಿ ಬೆನ್ನು ಬೇರೆ ತಟ್ಟುತ್ತದೆ.

"ಬಾಗಿಲ ನಂಬರ್ ಪ್ಲೇಟ್ ಬದಲಾಯಿಸೋಕೆ ಬಂದವನು ಒಳಗಿದ್ದೋರನ್ನೆಲ್ಲ ಬೀದಿಗೆ ಹಾಕಿ ಹೋದ ಹಾಗೆ," ಎನ್ನುತ್ತಾರೆ ಅಕ್ಕ.

ಸೇವ್ ಒತ್ತಲು ಕೌಂಟರಿನವರಿಗೆ ಏನು ಅಷ್ಟು ಅವಸರ ಎಂದು ಕೇಳುವವರು ಒಮ್ಮೆ ಮುಂದಿನ ಹಾಲಿಗೆ ಹೋಗಿ ನೋಡಬೇಕು. ಪ್ರತಿ ಕೌಂಟರಿನ ತಲೆಯ ಮೇಲೂ ಒಂದು ಕೆಂಪು ದೀಪವಿದೆ. ಒಂದು ಟೋಕನ್ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೂ ಅದು ಹೊತ್ತಿಕೊಳ್ಳುತ್ತದೆ. ಯಾರ ದೀಪ ಎಷ್ಟು ಸಲ ಹೊತ್ತಿತು ಎನ್ನುವುದು ಸಂಜೆ ದೊಡ್ಡ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಇದಕ್ಕೆ 'ಶೀಘ್ರ ಸೇವೆ' ಎಂದು ಹೆಸರು, ಉದ್ಘಾಟನೆಯ ದಿನ ರಿಬ್ಬನ್ ಕೂಡ ಕತ್ತರಿಸಿದ್ದರು. ದೀಪದಿಂದ ತಪ್ಪಿಸಿಕೊಳ್ಳಲು ಕೌಂಟರಿನವರು ಒಂದು ಉಪಾಯ ಕಲಿತಿದ್ದಾರೆ. ಫೋನ್ ನಂಬರ್, ವಿಳಾಸದಂಥ ಮೇಲಿನ ಸಣ್ಣ ಬದಲಾವಣೆಯಾದರೆ, ಫಾರ್ಮಿನ ಮೇಲ್ಭಾಗ ಕಂಡ ಕೂಡಲೇ ತಿದ್ದಿ ಸೇವ್ ಒತ್ತುವುದು. ಕೆಳಗಿನದು ಬರುವವರೆಗೆ ಕಾಯುವುದಿಲ್ಲ. ಇದಕ್ಕೆ ಅವರಲ್ಲೊಂದು ಮಾತೂ ಇದೆ: ತಲೆ ಕಂಡ್ರೆ ಸೇವ್. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹಳಬರು ಇದನ್ನು ಹೇಳಿಕೊಡುತ್ತಾರೆ.

ಅಕ್ಕ ಇಲ್ಲಿಗೆ ಬಂದದ್ದು ಟೈಪಿಸ್ಟ್ ಆಗಿ. ಕಾಗದದಲ್ಲಿದ್ದ ಮನೆಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿದವರಲ್ಲಿ ಒಬ್ಬರು. ಕಂಪನಿಯವರು ಬಂದು ಫಾರ್ಮ್ ಕಟ್ಟುತ್ತಿದ್ದಾಗ ಅವರ ಎಂಜಿನಿಯರ್ ಈ ಕೋಣೆಯಲ್ಲೇ ಕೂರುತ್ತಿದ್ದ. ಅವನ ಪಕ್ಕ ಕೂತು, ಅದೇನು ಇದೇನು ಎಂದು ಕೇಳಿ ಕೇಳಿ, ಮನೆಗೆ ಹೋಗಿ ಫೋನಿನಲ್ಲಿ ಪಾಠ ನೋಡಿ, ಇವರು ಕೋಡ್ ಓದುವುದನ್ನು ಕಲಿತರು, ಆಮೇಲೆ ಬರೆಯುವುದನ್ನೂ ಕಲಿತರು. ಕಂಪನಿ ಗಂಟುಮೂಟೆ ಕಟ್ಟಿದ ಮೇಲೆ ಕಚೇರಿಯಲ್ಲಿ ಈ ಯಂತ್ರದ ನಾಡಿ ಗೊತ್ತಿದ್ದವರು ಇವರೊಬ್ಬರೇ. ಹುದ್ದೆ ಮಾತ್ರ ಇವತ್ತಿಗೂ 'ತಾತ್ಕಾಲಿಕ ಸಹಾಯಕಿ'. ಕೌಂಟರಿನವರಿಗೆ ಇವರು 'ಹಿಂದಿನ ರೂಮಿನ ಅಕ್ಕ'.

ಅಳಿಸಿಹೋದದ್ದನ್ನು ಹಳೆಯ ಪ್ರತಿಯಿಂದ ತಂದು ಹಾಕುವ ಅಧಿಕಾರ ಇವರಿಗಿದೆ. ಫಾರ್ಮನ್ನು ಮುಟ್ಟುವ ಅಧಿಕಾರ ಇಲ್ಲ. ಅದು ಕಂಪನಿಯ ಸ್ವತ್ತು. ಹಾಗಂತ ಇವರು ಸುಮ್ಮನೆ ಕೂತಿಲ್ಲ. ಅಭ್ಯಾಸಕ್ಕೆಂದು ಇಟ್ಟಿರುವ ಇನ್ನೊಂದು ಯಂತ್ರದಲ್ಲಿ ಮದ್ದನ್ನೂ ಅರೆದಿಟ್ಟಿದ್ದಾರೆ. "ದೊಡ್ಡ ವಿದ್ಯೆ ಏನಲ್ಲ. ಒಳಗಿನ ಪ್ರತಿ ಸಾಲಿಗೂ ಅದರದೇ ಒಂದು ನಂಬರ್ ಇರುತ್ತೆ. ಆ ನಂಬರ್ ಜೊತೆ ಬಂದ ಸಾಲನ್ನ ತಿದ್ದು. ನಂಬರ್ ಇಲ್ಲದೆ ಬಂದದ್ದು ಹೊಸದು, ಸೇರಿಸು. ಬರದೇ ಇದ್ದಿದ್ದನ್ನ ಮುಟ್ಟಬೇಡ, ಇದ್ದಲ್ಲೇ ಇರ್ಲಿ. 'ಇದನ್ನು ತೆಗೆಯಿರಿ' ಅಂತ ಯಾರಾದ್ರೂ ಗುರುತು ಹಾಕಿದ್ರೆ ಮಾತ್ರ ತೆಗಿ. ಇಷ್ಟೇ. ಎಲ್ಲ ಕಡೆ ಹೀಗೇ ಮಾಡ್ತಾರೆ."

ಇದನ್ನು ಅವರು ಮೇಲಕ್ಕೆ ಬರೆದು ಕಳಿಸಿದ್ದಾರೆ. ಒಂದು ಸಲವಲ್ಲ. ಅಧಿಕಾರಿ ಕಂಪನಿಗೆ ಕಳಿಸಿದರು, ಕಂಪನಿ 'ಈ ಬದಲಾವಣೆ ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ' ಎಂದು ಉತ್ತರ ಬರೆದು ಕೈ ತೊಳೆದುಕೊಂಡಿತು. ಅಧಿಕಾರಿ ಆ ಉತ್ತರವನ್ನು ಅಕ್ಕನಿಗೆ ಕಳಿಸಿ ತಾವೂ ತೊಳೆದುಕೊಂಡರು. ಇಷ್ಟು ಜನ ಕೈ ತೊಳೆದರೂ ನೀರು ಖಾಲಿಯಾಗದ ಕಚೇರಿ ಇದು.

ಅಲ್ಲಿಂದ ಶುರುವಾಯಿತು ಬೆಳಗಿನ ಈ ಕೆಲಸ. ಎರಡು ವರ್ಷದಲ್ಲಿ ಅಕ್ಕ ತಪ್ಪಿಸಿದ್ದು ಒಂದೇ ಒಂದು ಬೆಳಿಗ್ಗೆ. ಅವತ್ತು ಅತ್ತೆಯ ಕಣ್ಣಿನ ಆಪರೇಷನ್. ಅದೂ ರಜೆ ಬರೆದುಕೊಟ್ಟೇ ಹೋದದ್ದು.

ಅದರ ಹಿಂದಿನ ದಿನ, ಪೇಂಟ್ ಕೆಲಸ ಮಾಡುವ ಒಬ್ಬರು ಮೂರನೇ ಕೌಂಟರಿಗೆ ಬಂದು ಫೋನ್ ನಂಬರ್ ಬದಲಾಯಿಸಿಕೊಂಡು ಹೋಗಿದ್ದರು. ಅವರಿಗೊಬ್ಬಳು ಮಗಳು, ಶಾಲೆಗೆ ಹೋಗುವವಳು, ಫಿಟ್ಸ್ ಬರದಂತೆ ದಿನಾ ಮಾತ್ರೆ ನುಂಗಬೇಕಾದವಳು. ಮರುದಿನ ಬೆಳಿಗ್ಗೆ ಔಷಧದ ಕಿಟಕಿಯಲ್ಲಿ ಮಗಳ ಹೆಸರಿತ್ತು, ಮಾತ್ರೆ ಇರಲಿಲ್ಲ. ಪರದೆಯಲ್ಲಿ ಇಲ್ಲದ್ದನ್ನು ಕೊಡುವಂತಿಲ್ಲ ಎಂದರು ಕಿಟಕಿಯವರು. ಡಾಕ್ಟರ್ ಹತ್ತಿರ ಹೊಸದಾಗಿ ಬರೆಸಿಕೊಂಡು ಬನ್ನಿ ಎಂದರು. ಡಾಕ್ಟರ್ ಸಿಗುವುದು ಮುಂದಿನ ವಾರ ಎಂದರು. ಅದರ ಮರುದಿನ ಅಕ್ಕ ಬಂದು ಆ ಮಾತ್ರೆಯನ್ನು ವಾಪಸ್ ಹಾಕಿದ್ದು ಅಪ್ಪನಿಗೆ ಗೊತ್ತಾಗಲೇ ಇಲ್ಲ. ಮನೆಯಲ್ಲಿ ಉಳಿದಿದ್ದ ಮಾತ್ರೆ ಮುಗಿಯಿತು. ಮಗು ಶಾಲೆಯ ಮೆಟ್ಟಿಲ ಮೇಲೆ ಬಿದ್ದು, ಎದುರಿನ ಹಲ್ಲು ಮುರಿದು, ಮೊಣಕೈ ಮೂಳೆಯೂ ಬಿರುಕು ಬಿಟ್ಟಿತು. ಈಗ ಮಾತ್ರೆಯೂ ಸಿಗುತ್ತಿದೆ, ಹುಷಾರಾಗಿಯೂ ಇದ್ದಾಳೆ. ನಗುವಾಗ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳಂತೆ.

ಅಪ್ಪ ಕಚೇರಿಗೆ ನುಗ್ಗಿ ಮೂರನೇ ಕೌಂಟರಿನ ಹುಡುಗಿಯ ಮೇಲೆ ಕೂಗಾಡಿದರು, ದೂರು ಬರೆದುಕೊಟ್ಟರು. ಯಾವ ಅಪ್ಪನಾದರೂ ಮಾಡುವುದು ಅದನ್ನೇ. ಕಚೇರಿ ಮಾಡಿದ್ದೇನು? ಸಂಜೆಯೊಳಗೆ ಆ ಹುಡುಗಿಯನ್ನು ಅಮಾನತು ಮಾಡಿತು. ಗುರುವಾರ ವಿಚಾರಣೆ ಎಂದು ಗೊತ್ತುಮಾಡಿತು. ವರದಿಯ ಕರಡೂ ಆಗಲೇ ತಯಾರಿತ್ತು, ಅದರಲ್ಲಿ 'ಸಿಬ್ಬಂದಿಯ ಅಜಾಗರೂಕತೆ' ಎಂಬ ಎರಡು ಪದ. ಆ ಎರಡು ಪದದ ಕೆಳಗೆ ಸಹಿ ಬಿದ್ದರೆ ಹುಡುಗಿಯ ಕೆಲಸ ಹೋಗುತ್ತದೆ, ಕಡತ ಮುಚ್ಚುತ್ತದೆ, ಫಾರ್ಮ್ ಇದ್ದ ಹಾಗೆಯೇ ಇರುತ್ತದೆ. ನಾಳೆ ಇನ್ನೊಂದು ಮಗು ಇನ್ನೊಂದು ಮೆಟ್ಟಿಲ ಮೇಲೆ ಬೀಳುತ್ತದೆ. ನಾನು ಅಕ್ಕನನ್ನು ನೋಡಲು ಹೋದದ್ದು ಆ ವಾರದ ಸೋಮವಾರ.

ಮೂರನೇ ಕೌಂಟರಿನ ಹುಡುಗಿಗೆ ಕಚೇರಿಯೊಳಗೆ ಕಾಲಿಡುವಂತಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಸಿಕ್ಕಳು. ಟೀ ಆರಿಹೋಗುವವರೆಗೆ ಮುಟ್ಟಲಿಲ್ಲ. "ನಾನು ಏನನ್ನೂ ಅಳಿಸಿಲ್ಲ. ಫೋನ್ ನಂಬರ್ ಹಾಕಿದೆ, ಸೇವ್ ಅಂದೆ. ಹಸಿರು ಬಂತು. ಹಸಿರು ಬಂದ್ರೆ ಸರಿ ಅಂತ ತಾನೇ ಹೇಳ್ಕೊಟ್ಟಿದ್ದು? ಆ ಪಾಪು ಮುಖ ನೆನೆಸ್ಕೊಂಡ್ರೆ ನಿದ್ದೆ ಬರಲ್ಲ. ನಾನೇ ಮಾಡಿದ್ನೇನೋ ಅಂತ ನನಗೇ ಅನ್ನಿಸೋಕೆ ಶುರುವಾಗಿದೆ," ಎಂದಳು. ಕೊನೆಯ ಮಾತು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ತಪ್ಪು ಮಾಡಿದವರು ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಾರೆ, ಹರಕೆಯ ಕುರಿಯಾದವಳು ತನ್ನ ಕುತ್ತಿಗೆಯನ್ನು ತಾನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದಾಳೆ.

ದೊಡ್ಡ ಅಧಿಕಾರಿಯನ್ನೂ ಕಂಡೆ. ಸಭ್ಯರು. ಕುರ್ಚಿ ಕೊಟ್ಟರು, ನೀರು ತರಿಸಿದರು. ಫಾರ್ಮಿನಲ್ಲೇ ದೋಷವಿದೆಯಂತಲ್ಲ ಎಂದದ್ದಕ್ಕೆ ಕನ್ನಡಕ ಒರೆಸುತ್ತ ಹೇಳಿದರು: "ನೋಡಿ, ಎರಡು ವರ್ಷದಿಂದ ಈ ಫಾರ್ಮ್ ಓಡ್ತಾ ಇದೆ. ಒಂದೇ ಒಂದು ದೂರು ಬಂದಿಲ್ಲ. ಬಂದಿದ್ದು ಇದೊಂದೇ, ಅದೂ ಆ ಹುಡುಗಿ ಮೇಲೆ. ಫಾರ್ಮ್ ಕೆಟ್ಟಿದ್ರೆ ದಿನಾ ಗಲಾಟೆ ಆಗ್ಬೇಕಿತ್ತಲ್ಲ?"

ಹಿಂದಿನ ಕೋಣೆಗೆ ಬಂದು ಈ ಮಾತನ್ನು ಅಕ್ಕನಿಗೆ ಹೇಳಿದೆ. ಅವರು ಕೀಲಿಮಣೆಯ ಮೇಲಿಂದ ಕೈ ತೆಗೆದರು. ಆಮೇಲೆ ನಿಧಾನವಾಗಿ, "ಅಂದ್ರೆ, ನಾನು ಸರಿ ಮಾಡಿದ್ದೇ ಅವಳ ವಿರುದ್ಧ ಸಾಕ್ಷಿ ಆಯ್ತಾ?" ಎಂದರು.

ಆಯ್ತು. ಅಷ್ಟೇ ಆಗಿದ್ದು. ಕಿಟಕಿ ತೆರೆಯುವ ಮೊದಲು ಎಲ್ಲರನ್ನೂ ವಾಪಸ್ ಕೂರಿಸಿದ್ದರಿಂದ ಯಾರಿಗೂ ತಾವು ಅಳಿಸಿಹೋಗಿದ್ದೆವು ಎಂದು ಗೊತ್ತೇ ಆಗಲಿಲ್ಲ. ಗೊತ್ತಾಗದವರು ದೂರು ಕೊಡುವುದು ಹೇಗೆ? ದೂರು ಇಲ್ಲದ್ದರಿಂದ ಫಾರ್ಮ್ ಸರಿಯಿದೆ, ಫಾರ್ಮ್ ಸರಿಯಿರುವುದರಿಂದ ಹುಡುಗಿಯೇ ತಪ್ಪಿತಸ್ಥೆ. ಎರಡು ವರ್ಷ ಒಬ್ಬಾಕೆ ಪುಕ್ಕಟೆ ಸುರಿಸಿದ ಬೆವರನ್ನು ಒರೆಸಿಕೊಂಡು, ಅದೇ ಬಟ್ಟೆಯಿಂದ ತಮ್ಮ ಮುಖ ಫಳಫಳ ಮಾಡಿಕೊಂಡಿದ್ದಾರೆ ಇವರು.

ಅವತ್ತು ಸಂಜೆ ಅಕ್ಕನ ಮನೆಗೆ ಹೋದೆ. ಮೂರನೇ ಮಹಡಿ, ಎರಡು ಕೋಣೆ, ಕಿಟಕಿಗೆ ಎದುರಾಗಿ ಪಕ್ಕದ ಮನೆಯವರ ಒಣಗಿದ ಬಟ್ಟೆ. ಗಂಡ ಒಂದು ಪ್ರೆಸ್ಸಿನಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಅವರು ಬೆಳಿಗ್ಗೆ ಮನೆಗೆ ಬರುವ ಹೊತ್ತಿಗೆ ಇವರು ಹೊರಟಿರುತ್ತಾರೆ. "ಎರಡು ವರ್ಷದಿಂದ ಮೆಟ್ಟಿಲಲ್ಲೇ ನಮ್ಮ ಸಂಸಾರ," ಎಂದು ನಗುತ್ತಾರೆ ಗಂಡ, ಶರ್ಟಿಗೆ ಇಸ್ತ್ರಿ ಹಾಕುತ್ತ. "ನಾನು ಹತ್ತೋವಾಗ ಇವಳು ಇಳೀತಾಳೆ. ಬಾಗಿಲ ಬೀಗದ ಕೈ ಅಲ್ಲೇ ಕೈ ಬದಲಾಗುತ್ತೆ."

ಅತ್ತೆ ಮಂಚದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ವಿಷಯ ಎಲ್ಲ ಕೇಳಿದರು. ಮಾತಿನಲ್ಲಿ ಅವರದು ಚಾಕು. "ನನ್ನ ಕಣ್ಣು ಸರಿಯಾದ ದಿನವೇ ಆ ಕಚೇರಿಯವರ ಕಣ್ಣು ಹೋಯ್ತಾ?" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ಅಲ್ಲ ಕಣೇ, ಕೆಟ್ಟಿದ್ದನ್ನ ಕದ್ದು ಕದ್ದು ಸರಿ ಮಾಡಿದ್ರೆ, ಕೆಟ್ಟಿತ್ತು ಅಂತ ಯಾರಿಗೆ ಗೊತ್ತಾಗ್ಬೇಕು? ಸರಿ ಮಾಡು, ಬೇಡ ಅನ್ನಲ್ಲ. ಬಾಯಿ ಬಿಟ್ಟು ಹೇಳಿ ಮಾಡು," ಎಂದರು.

"ಹೇಳಿದೀನಲ್ಲ ಅತ್ತೆ, ಬರೆದೂ ಕೊಟ್ಟಿದೀನಿ."

"ಯಾರಿಗೆ? ಆ ಜಾಣ ಕಿವುಡರಿಗೆ ತಾನೇ? ಔಷಧ ಯಾರದ್ದು ಹೋಯ್ತೋ ಅವರಿಗೆ ಹೇಳಿದ್ಯಾ?"

ಅಕ್ಕ ಹೇಳಿರಲಿಲ್ಲ. ಯಾಕೆ ಎಂದು ನಾನು ಕೇಳಿದೆ. ಭಯ ಎಂದರು ನೇರವಾಗಿ. ತಾತ್ಕಾಲಿಕ ಎಂದು ಹುದ್ದೆಯ ಹಣೆಯಲ್ಲೇ ಬರೆದಿರುವಾಗ ಬಾಯಿಗೆ ತಾನಾಗಿ ಬೀಗ ಬೀಳುತ್ತದೆ. ಆದರೆ ಟೀ ಅಂಗಡಿಯಲ್ಲಿ ಕೂತಿರುವ ಹುಡುಗಿಯ ಮಾತನ್ನು ನಾನು ಹೇಳಿದಾಗಿನಿಂದ ಅವರ ಮುಖ ಬೇರೆಯೇ ಆಗಿತ್ತು.

ಮಂಗಳವಾರ ಬೆಳಿಗ್ಗೆ ಮತ್ತೆ ಆ ಹಿಂಬಾಗಿಲಲ್ಲಿ ನಿಂತೆ. ಅದೇ ಭುಜ, ಅದೇ ಒದೆ. ಕಳೆದುಹೋದವರನ್ನೆಲ್ಲ ಮೊದಲು ಜಾಗಕ್ಕೆ ಸೇರಿಸಿ ಮುಗಿಸಿದರು, ಅದರಲ್ಲಿ ರಾಜಿ ಇಲ್ಲ. ಬೆಳಕು ಚೆನ್ನಾಗಿ ಹರಿದ ಮೇಲೆ ಫೋನ್ ಕೈಗೆತ್ತಿಕೊಂಡರು. ಒಂದೊಂದು ಮನೆಗೂ ಕರೆ.

"ನಮಸ್ಕಾರ, ಆರೋಗ್ಯ ಕಚೇರಿಯಿಂದ ಮಾತಾಡ್ತಿದೀನಿ. ಶನಿವಾರ ನೀವು ವಿಳಾಸ ಬದಲಾಯಿಸಿದಾಗ ನಮ್ಮ ಫಾರ್ಮ್ ನಿಮ್ಮ ತಾಯಿಯವರ ಔಷಧ ಅಳಿಸಿಹಾಕಿತ್ತು. ಕೌಂಟರಿನವರ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ನಾನು ವಾಪಸ್ ಹಾಕಿದೀನಿ, ಇವತ್ತು ಸಿಗುತ್ತೆ."

ಆಚೆಯಿಂದ ಗಂಡುದನಿ: "ಓಟಿಪಿ ಹೇಳ್ಬೇಕಾ ಈಗ? ನಾನು ಹೇಳಲ್ಲ. ಪೊಲೀಸ್‌ಗೆ ಹೇಳ್ತೀನಿ."

"ಏನೂ ಹೇಳೋದು ಬೇಡಪ್ಪ. ಕೇಳಿಸ್ಕೊಂಡ್ರೆ ಸಾಕು. ಯಾಕೆ ಹೀಗಾಯ್ತು ಅಂತ ಕೇಳ್ಬೇಕು ಅನ್ನಿಸಿದ್ರೆ ಗುರುವಾರ ಹನ್ನೊಂದಕ್ಕೆ ಕಚೇರಿಗೆ ಬನ್ನಿ. ಮೇಲಿನ ಮಹಡಿ, ಕೊನೇ ರೂಮು. ಅಲ್ಲಿ ಅದನ್ನೇ ವಿಚಾರಿಸ್ತಿದಾರೆ."

ನಾಲ್ಕು ಜನ ನಂಬದೆ ಫೋನಿಟ್ಟರು. ಒಬ್ಬ ಹೆಂಗಸು ಅತ್ತರು. ಒಬ್ಬರು, ಹೃದಯದ ಮಾತ್ರೆ ನುಂಗುವವರು, ಅಕ್ಕನನ್ನೇ ಬೈದರು. ಅಕ್ಕ ಪೂರ್ತಿ ಬೈಸಿಕೊಂಡು, "ಸರಿ, ಇದನ್ನೇ ಗುರುವಾರ ಬಂದು ಹೇಳಿ," ಎಂದರು. ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ ಹಿಂದಿನ ವಾರಗಳಲ್ಲಿ ಸರಿಪಡಿಸಿದ್ದ ಮನೆಗಳಿಗೂ ಮಾಡಿದರು. ಬುಧವಾರವೂ ಮಾಡಿದರು. ಪೇಂಟ್ ಕೆಲಸದ ಅಪ್ಪನಿಗೆ ಮಾಡಿದ್ದು ಎಲ್ಲರಿಗಿಂತ ಕೊನೆಯಲ್ಲಿ. ಆ ಕಡೆಯವರು ಎಲ್ಲ ಕೇಳಿಸಿಕೊಂಡು ಫೋನ್ ಇಟ್ಟುಬಿಟ್ಟರು.

ಗುರುವಾರ. ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಉದ್ದ ಮೇಜು, ದೊಡ್ಡ ಅಧಿಕಾರಿ, ಸಿಬ್ಬಂದಿ ವಿಭಾಗದವರು ಒಬ್ಬರು. ಕಂಪನಿಯ ಪ್ರತಿನಿಧಿ ವೀಡಿಯೋ ಕರೆಯಲ್ಲಿದ್ದರು. ಗೋಡೆಯ ಪರದೆಯಲ್ಲಿ ಅವರ ತಲೆ ಕಂಡಿತು, ಉಳಿದದ್ದು ಲೋಡ್ ಆಗಲಿಲ್ಲ. ಮೂರನೇ ಕೌಂಟರಿನ ಹುಡುಗಿ ತುದಿಯ ಕುರ್ಚಿಯಲ್ಲಿ, ಮಡಿಲಲ್ಲಿ ಕೈ ಬಿಗಿಹಿಡಿದು ಕೂತಿದ್ದಳು. ಅಕ್ಕನನ್ನು ಕರೆದಿರಲಿಲ್ಲ. ಕರೆಯದೆಯೇ ಬಂದು ಬಾಗಿಲಲ್ಲಿ ನಿಂತಿದ್ದರು, ಅದೇ ಸ್ವೆಟರಿನಲ್ಲಿ. ಅವರ ಹಿಂದೆ ನಾನಿದ್ದೆ. ನನ್ನ ಹಿಂದೆ, ಮೊದಲಿಗೆ, ಖಾಲಿ ಕಾರಿಡಾರ್ ಇತ್ತು.

ಹನ್ನೊಂದಾಯಿತು. ಯಾರೂ ಬರಲಿಲ್ಲ. ಸಿಬ್ಬಂದಿ ವಿಭಾಗದವರು ಕರಡು ಓದಲು ಶುರುಮಾಡಿದರು. ಅಕ್ಕ ತಿರುಗಿ ಕಾರಿಡಾರಿನತ್ತ ನೋಡಿದರು.

ಆಗ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ವಿಳಾಸ ಬದಲಾಯಿಸಿದ ಮಗ ತಾಯಿಯನ್ನು ಹಿಡಿದುಕೊಂಡು ಬಂದ. ಅವರ ಹಿಂದೆ ಅತ್ತಿದ್ದ ಹೆಂಗಸು. ಅವರ ಹಿಂದೆ ಬೈದಿದ್ದ ಹೃದಯದವರು, ಏದುಸಿರು ಬಿಡುತ್ತ, ಈ ಕಟ್ಟಡಕ್ಕೆ ಲಿಫ್ಟ್ ಹಾಕಿಸದವರನ್ನೂ ಸೇರಿಸಿ ಬೈಯುತ್ತ. ಆಮೇಲೆ ಎಣಿಸಲು ಹೋಗಲಿಲ್ಲ. ಬೆಂಚು ತುಂಬಿತು, ಗೋಡೆಗೆ ಒರಗಿ ನಿಂತರು, ಮೆಟ್ಟಿಲ ಮೇಲೂ ಕೂತರು. ಅಕ್ಕನ ಅತ್ತೆ ಕಪ್ಪು ಕನ್ನಡಕದಲ್ಲಿ ಮಗನ ತೋಳು ಹಿಡಿದು ಬಂದು, "ನನ್ನದೇನೂ ಅಳಿಸಿಲ್ಲ, ನೋಡೋಕೆ ಬಂದೆ. ಈಗ ಕಣ್ಣು ಕಾಣುತ್ತಲ್ಲ," ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಎಲ್ಲರಿಗಿಂತ ಕೊನೆಯಲ್ಲಿ, ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ ಉಳಿದ ಕೈಯಲ್ಲಿ ಮಗಳ ಕೈ ಹಿಡಿದುಕೊಂಡು, ಆ ಅಪ್ಪ ಬಂದರು.

ದೊಡ್ಡ ಅಧಿಕಾರಿ ಕನ್ನಡಕ ಏರಿಸಿ ಬಾಗಿಲಾಚೆ ನೋಡಿದರು. "ಏನಿದು? ಯಾರು ಇವರೆಲ್ಲ?"

ಅಕ್ಕ ಒಂದು ಹೆಜ್ಜೆ ಒಳಗಿಟ್ಟರು.

"ನಿಮಗೆ ಬರದೇ ಇದ್ದ ದೂರುಗಳು ಸಾರ್."

ಅಧಿಕಾರಿ ಚೇತರಿಸಿಕೊಂಡು, ಜನರ ಮಾಹಿತಿಯನ್ನು ಹೀಗೆಲ್ಲ ಹೊರಗೆ ಹಾಕುವುದು ಅಪರಾಧ, ನಿಮ್ಮ ಮೇಲೂ ಕ್ರಮ ಆಗುತ್ತದೆ ಎಂದು ದನಿ ಏರಿಸಿದರು. ಅಕ್ಕನ ದನಿ ಏರಲಿಲ್ಲ. "ಅವರ ಔಷಧದ ವಿಷಯ ಅವರಿಗೇ ಹೇಳಿದೀನಿ ಸಾರ್. ಬೇರೆಯವರಿಗೆ ಹೇಳಿಲ್ಲ. ಕ್ರಮ ಆಗ್ಲಿ. ಮೊದಲು ಈ ಹುಡುಗಿದು ಮುಗಿಸಿ."

ಪರದೆಯ ಮೇಲಿನ ತಲೆ ಒಪ್ಪಂದದ ವ್ಯಾಪ್ತಿ ಎಂದೇನೋ ಶುರುಮಾಡಿತು. ಆಗ ಪೇಂಟ್ ಕೆಲಸದ ಅಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಹುಡುಗಿ ಅವರನ್ನು ಕಂಡು ಕುರ್ಚಿಯಲ್ಲೇ ಕುಗ್ಗಿದಳು. ಹಿಂದೆ ಕೂಗಾಡಿದ್ದು ಇದೇ ಬಾಯಿ.

"ದೂರು ಕೊಟ್ಟಿದ್ದು ನಾನು ಸಾರ್," ಎಂದರು ಅವರು. "ವಾಪಸ್ ತಗೊಳ್ಳೋಕೆ ಬಂದಿಲ್ಲ. ವಿಳಾಸ ಬದಲಾಯಿಸೋಕೆ ಬಂದಿದೀನಿ. ಈ ಹುಡುಗಿ ಮೇಲೆ ಕೊಟ್ಟಿದ್ದು ತಪ್ಪು ವಿಳಾಸ. ಅದನ್ನ ಈ ಫಾರ್ಮ್ ಮಾಡಿದವರಿಗೆ, ಹೇಳಿದ್ರೂ ಕೇಳದೇ ಇದ್ದೋರಿಗೆ ಹಾಕ್ಕೊಳ್ಳಿ. ಬರ್ಕೊಳ್ಳಿ ಈಗಲೇ, ನಾನು ನಿಂತಿರ್ತೀನಿ. ಬದಲಾಯಿಸೋವಾಗ ಮಾತ್ರ ಸ್ವಲ್ಪ ನೋಡ್ಕೊಳ್ಳಿ, ಒಳಗಿರೋದು ಅಳಿಸಿಹೋಗದ ಹಾಗೆ."

ಕಾರಿಡಾರಿನಲ್ಲಿ ಯಾರೋ ನಕ್ಕರು. ಅವರ ಮಗಳೂ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು. ಆ ಕೈಯನ್ನು ಮೇಜಿನ ಹಿಂದೆ ಕೂತ ಇಬ್ಬರೂ, ಪರದೆಯಲ್ಲಿದ್ದವರೂ ನೋಡಿದರು. ಸಿಬ್ಬಂದಿ ವಿಭಾಗದವರು ಕರಡಿನ ಆ ಎರಡು ಪದಗಳ ಮೇಲೆ ಅಡ್ಡಗೆರೆ ಎಳೆದರು.

ಮುಂದಿನದ್ದನ್ನು ಬರೆಯುವಾಗಲೂ ನನ್ನ ಹೊಟ್ಟೆ ತಣ್ಣಗಾಗಿಲ್ಲ. ಹುಡುಗಿ ಮೂರನೇ ಕೌಂಟರಿಗೆ ವಾಪಸಾದಳು. ಅಮಾನತಿನ ದಿನಗಳ ಬಗ್ಗೆ ಒಂದು ವಿಷಾದದ ಸಾಲನ್ನೂ ಯಾರೂ ಬರೆಯಲಿಲ್ಲ. ಎರಡು ವರ್ಷ ಒಪ್ಪಂದದ ವ್ಯಾಪ್ತಿಗೆ ಬಾರದಿದ್ದ ಬದಲಾವಣೆ ಎರಡೇ ದಿನದಲ್ಲಿ ಬಂತು. ಅಕ್ಕ ಬರೆದಿಟ್ಟಿದ್ದನ್ನೇ ಕಂಪನಿ ತೆಗೆದುಕೊಂಡು ಹಾಕಿತು. ಕಚೇರಿಯ ಪ್ರಕಟಣೆಯಲ್ಲಿ 'ತ್ವರಿತವಾಗಿ ಸ್ಪಂದಿಸಿದ' ಕಂಪನಿಗೆ ಧನ್ಯವಾದ ಹೇಳಲಾಗಿದೆ. ಅಕ್ಕನ ಮೇಲಿನ ಕ್ರಮ 'ಪರಿಶೀಲನೆಯಲ್ಲಿದೆ'. ಕೆಂಪು ದೀಪಗಳು ಈಗಲೂ ಹೊತ್ತಿಕೊಳ್ಳುತ್ತಿವೆ.

ಸೋಮವಾರ ಬೆಳಿಗ್ಗೆ ಮತ್ತೊಮ್ಮೆ ಹೋದೆ. ಅಕ್ಕ ಅದೇ ಹೊತ್ತಿಗೆ ಬಂದಿದ್ದರು. ಎಡಗಡೆ ಹಿಂದಿನ ಪ್ರತಿ, ಬಲಗಡೆ ಹೊಸದು. ಮೇಲಿಂದ ಕೆಳಗಿನವರೆಗೆ ಎರಡು ಸಲ ನೋಡಿದರು. ನಡುವೆ ಬಹಳಷ್ಟು ಮನೆಗಳ ಫೋನ್, ವಿಳಾಸ ಬದಲಾಗಿತ್ತು. ತಲೆ ಕಂಡ ಕೂಡಲೇ ಸೇವ್ ಒತ್ತಿದ್ದೂ ಇತ್ತು. ಒಳಗಿನ ಒಂದು ಸಾಲೂ ಅಲುಗಾಡಿರಲಿಲ್ಲ. ಗೋಡೆಯಾಚೆ ಔಷಧದ ಕಿಟಕಿ ತೆರೆದ ಸದ್ದಾಯಿತು. ಸಾಲು ಮುಂದಕ್ಕೆ ಸರಿಯತೊಡಗಿತು.

ಅಕ್ಕ ಯಂತ್ರ ಮುಚ್ಚಿ, ಸ್ವೆಟರ್ ತೆಗೆದು ಮಡಚಿದರು. ನಾಳೆಯಿಂದ ಏನು ಮಾಡುತ್ತೀರಿ ಎಂದು ಕೇಳಿದೆ. "ಮನೇಲಿರ್ತೀನಿ. ನಮ್ಮನೆಯವರು ಬಂದಾಗ ಬಾಗಿಲು ತೆಗೀಬೇಕು. ಎರಡು ವರ್ಷ ಆಯ್ತು ತೆಗೆದು." ಕಚೇರಿಯವರು ನಿಮಗೂ ಒಂದು ಧನ್ಯವಾದ ಹೇಳಬಹುದಿತ್ತಲ್ಲ ಎಂದೆ. ಹಿಂಬಾಗಿಲನ್ನು ಎಳೆದು, ಅದು ಹಟ ಮಾಡಿದಾಗ ಇನ್ನೊಮ್ಮೆ ಬಲವಾಗಿ ಎಳೆದು, ಬೀಗ ಹಾಕಿದ ಮೇಲೆ ಅಕ್ಕ ಉತ್ತರ ಕೊಟ್ಟರು.

"ಧನ್ಯವಾದ ಬೇಡ ನನಗೆ. ಎಲ್ಲೂ ಒಂದು ದೂರೂ ಇಲ್ಲ ಅಂತ ಮುಂದೆ ಯಾರಾದ್ರೂ ಕುರ್ಚಿ ಮೇಲೆ ಕೂತು ಹೇಳಿದ್ರೆ, ಅಲ್ಲಿ ಬೆಳಕು ಹರಿಯೋ ಮುಂಚೆ ಎದ್ದು ಬರ್ತಿರೋರು ಯಾರು ಅಂತ ಮೊದಲು ಕೇಳಿ. ಅಷ್ಟು ಬರೀರಿ ಸಾಕು."